ತೂಕ ಹಾಕದೆ ಸವಾಲು ಕೂಗಬೇಡಿ: ಆನ್‌ಲೈನ್ ಹರಾಜಿನವರಿಗೆ ಪಾರ್ಸಲ್ ಲೆಕ್ಕ, ಪಿಕಪ್ ಪಾಠ

ಒಂದು ಹಿತ್ತಾಳೆ ದೀಪ. ಶಿವಮೊಗ್ಗದ ಗುಜರಿ ಅಂಗಡಿಯಿಂದ 300 ರೂಪಾಯಿಗೆ ತಂದಿದ್ದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಫಳಫಳ ಅಂತಿತ್ತು. (ಹಳೇ ಸಾಮಾನನ್ನು ಹಾಗೆ ತಿಕ್ಕಬಾರದು, ಸಂಗ್ರಹಿಸುವವರಿಗೆ ಆ ಕಪ್ಪೇ ಬೇಕು ಅಂತ ಆಗ ಗೊತ್ತಿರಲಿಲ್ಲ.) ವಾಟ್ಸ್ಯಾಪ್ ಗುಂಪಿನಲ್ಲಿ ಹರಾಜಿಗಿಟ್ಟೆ. ‘ಶಿಪ್ಪಿಂಗ್ 80’ ಅಂತ ಬಾಯಿಗೆ ಬಂದದ್ದು ಬರೆದೆ. ಸವಾಲು 650ಕ್ಕೆ ನಿಂತಿತು. ಗೆದ್ದವರು ಗುವಾಹಟಿಯವರು.

ಕೊರಿಯರ್ ಅಂಗಡಿಯಲ್ಲಿ ಡಬ್ಬವನ್ನು ತಕ್ಕಡಿ ಮೇಲಿಟ್ಟರು. 1 ಕೆಜಿ 400 ಗ್ರಾಂ. ಆಮೇಲೆ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದರು. ಬಿಲ್ ಬಂದಿದ್ದು 3 ಕೆಜಿಗೆ, 430 ರೂಪಾಯಿ. ಗೆದ್ದವರಿಂದ ಬಂದ 80 ಕಳೆದರೆ ನನ್ನ ಕೈಯಿಂದ ಹೋಗಿದ್ದು 350. ಲಾಭ ಅಂದುಕೊಂಡಿದ್ದೂ ಅಷ್ಟೇ, 350. ದೀಪ ಹೋಯಿತು, ಹುಣಸೆಹಣ್ಣೂ ಹೋಯಿತು.

ನಮ್ಮಲ್ಲಿ ಆನ್‌ಲೈನ್ ಹರಾಜು ಅಂದರೆ ಒಂದು ಕಾಲಕ್ಕೆ ಬಾಜೀ ಡಾಟ್ ಕಾಮ್. 2004ರಲ್ಲಿ ಅದನ್ನು ಈಬೇ ಕೊಂಡಿತು. ಈಬೇ ಇಂಡಿಯಾ ತಾಣವೂ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ಹಳೇ ಪುಸ್ತಕ, ನಾಣ್ಯ, ಅಂಚೆಚೀಟಿ, ರೆಕಾರ್ಡ್, ಹಿತ್ತಾಳೆ ಸಾಮಾನಿನ ಹರಾಜು ಜಾಸ್ತಿ ನಡೆಯುವುದು ವಾಟ್ಸ್ಯಾಪ್, ಫೇಸ್‌ಬುಕ್ ಗುಂಪುಗಳಲ್ಲಿ. ಅಲ್ಲಿ ಸಾಗಣೆ ಲೆಕ್ಕ ಹಾಕಿಕೊಡುವವರು ಯಾರೂ ಇಲ್ಲ. ನೀವೇ ಹಾಕಬೇಕು, ಅದೂ ಹರಾಜು ಶುರುವಾಗುವ ಮುಂಚೆ. ಗೆದ್ದವರು ಯಾವ ಊರಿನವರು ಅನ್ನೋದು ಕೊನೇ ನಿಮಿಷದವರೆಗೂ ಗೊತ್ತಾಗಲ್ಲ. ಡಬ್ಬದ ತೂಕ ಮತ್ತು ಅಳತೆ ಮಾತ್ರ ಮೊದಲೇ ನಿಮ್ಮ ಕೈಯಲ್ಲಿರುತ್ತದೆ.

ಫೋಟೋಗೂ ಮುಂಚೆ ತಕ್ಕಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 5 ಅಥವಾ 10 ಕೆಜಿ ತೂಗುವಂಥದ್ದು ತಗೊಳ್ಳಿ. ಅದು ಸರಿಯಾಗಿದೆಯಾ ಅಂತ ನೋಡೋಕೆ ಒಡೆಯದ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಇಡಿ. ಕವರಿನ ತೂಕ ಸೇರಿ ಒಂದು ಕೆಜಿಗಿಂತ ಚೂರು ಜಾಸ್ತಿ ತೋರಿಸಬೇಕು. ಕಡಿಮೆ ತೋರಿಸಿದರೆ ತಕ್ಕಡಿಯನ್ನು ನಂಬಬೇಡಿ. ಜೊತೆಗೆ ದರ್ಜಿಯವರ ಟೇಪಲ್ಲ, ಬಡಗಿಯವರ ಸ್ಟೀಲ್ ಟೇಪು ಒಂದಿರಲಿ. ಬಟ್ಟೆ ಟೇಪು ರಟ್ಟಿನ ಡಬ್ಬದ ಮೇಲೆ ಬಾಗಿ ಸುಳ್ಳು ಹೇಳುತ್ತದೆ.

ಸಾಮಾನನ್ನು ಮಾತ್ರ ತೂಗಿದರೆ ಪ್ರಯೋಜನವಿಲ್ಲ. ಬಬಲ್ ಶೀಟ್, ರಟ್ಟು, ಡಬ್ಬ, ಟೇಪು ಎಲ್ಲ ಸೇರಿಸಿ ತೂಗಿ. ಪ್ರತಿ ಸಾಮಾನನ್ನೂ ಹರಾಜಿಗೆ ಮುಂಚೆ ಪೂರ್ತಿ ಪ್ಯಾಕ್ ಮಾಡಿ ಅಂತ ಹೇಳ್ತಿಲ್ಲ. ಅದು ಹೋಗುವ ಡಬ್ಬ ಯಾವುದು ಅಂತ ಗೊತ್ತುಮಾಡಿ, ಒಳಗೆ ಸಾಮಾನು, ಸುತ್ತುವ ಹಾಳೆ ಎಲ್ಲ ಹಾಕಿ, ಟೇಪ್ ಹಚ್ಚದೆ ತಕ್ಕಡಿ ಮೇಲಿಡಿ. ಬಂದ ತೂಕಕ್ಕೆ ಟೇಪು, ಲೇಬಲ್ ಲೆಕ್ಕಕ್ಕೆ 30 ಗ್ರಾಂ ಸೇರಿಸಿ. ಸಾಮಾನಿನ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆದಿಡಿ: ತೂಕ, ಉದ್ದ, ಅಗಲ, ಎತ್ತರ.

ಖಾಸಗಿ ಕೊರಿಯರ್‌ಗಳ ದರ ಸಾಮಾನ್ಯವಾಗಿ ಅರ್ಧ ಕೆಜಿಯ ಮೆಟ್ಟಿಲುಗಳಲ್ಲಿ ಏರುತ್ತದೆ. ಅವರ ಮಾತಿನಲ್ಲಿ ಇದು ಸ್ಲ್ಯಾಬ್. 500 ಗ್ರಾಂವರೆಗೆ ಒಂದು ದರ. 501 ಆಯಿತೋ, ಒಂದು ಕೆಜಿಯ ದರ. ಒಮ್ಮೆ ಮೂರು ಹಳೇ ಪುಸ್ತಕದ ಕಟ್ಟು 512 ಗ್ರಾಂ ಬಂತು. ಡಬ್ಬ ಬಿಚ್ಚಿ ನೋಡಿದೆ. ಮೇಲೊಂದು ಕೆಳಗೊಂದು ದಪ್ಪ ರಟ್ಟು ಇಟ್ಟಿದ್ದೆ. ಪುಸ್ತಕದ ಅಂಚಿಗೆ ಸರಿಯಾಗಿ ರಟ್ಟು ಕತ್ತರಿಸಿದೆ, ನಾಲ್ಕು ಸುತ್ತು ಟೇಪಿನ ಬದಲು ಎರಡು ಸುತ್ತು ಹಾಕಿದೆ. 488. ಹತ್ತು ನಿಮಿಷದ ಕೆಲಸ, ಉಳಿದಿದ್ದು ಸುಮಾರು 40 ರೂಪಾಯಿ. ಮೆಟ್ಟಿಲಿನ ಅಂಚಿನಲ್ಲಿರುವ ಪಾರ್ಸಲ್‌ಗೆ ಮಾತ್ರ ಇಷ್ಟು ತಲೆ ಕೆಡಿಸಿಕೊಳ್ಳಿ. 700 ಗ್ರಾಂ ಇದ್ದರೆ ಸುಮ್ನೆ ಬಿಡಿ, ಇನ್ನೊಂದು ರಟ್ಟು ಬೇಕಾದರೂ ಇಡಿ.

ಖಾಲಿ ಜಾಗಕ್ಕೂ ದುಡ್ಡು

ಈಗ ಆ ದೀಪಕ್ಕೆ ಬರೋಣ. 1.4 ಕೆಜಿ ಸಾಮಾನಿಗೆ 3 ಕೆಜಿ ಬಿಲ್ ಯಾಕೆ ಬಂತು? ಡಬ್ಬದ ಅಳತೆ 30, 25, 20 ಸೆಂಟಿಮೀಟರ್ ಇತ್ತು. ಮೂರನ್ನೂ ಗುಣಿಸಿದರೆ 15,000. ಅದನ್ನು 5,000ದಿಂದ ಭಾಗಿಸಿದರೆ 3. ಇದೇ ‘ವಾಲ್ಯುಮೆಟ್ರಿಕ್’ ತೂಕ, ಅಂದರೆ ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಹತ್ತಿಯ ಮೂಟೆ ಹಗುರ, ಆದರೆ ಗಾಡಿ ತುಂಬಾ ಜಾಗ ಹಿಡಿಯುತ್ತೆ ಅಲ್ವಾ, ಅದೇ ತರ್ಕ. ಕೊರಿಯರ್‌ಗಳಲ್ಲಿ ಹೆಚ್ಚಾಗಿ ಕಾಣುವ ಭಾಜಕ 5,000. ರಸ್ತೆ ಮೂಲಕ ಒಯ್ಯುವ ಕೆಲವು ಸೇವೆಗಳಲ್ಲಿ ಬೇರೆ ಇರುತ್ತದೆ. ಕೊರಿಯರ್‌ನವರ ಹತ್ತಿರ ಖಾತೆ ತೆರೆಯುವಾಗಲೇ ‘ಎಷ್ಟರಿಂದ ಭಾಗಿಸ್ತೀರಾ?’ ಅಂತ ಕೇಳಿ.

ಅದೇ ದೀಪವನ್ನು ಬಿಡಿಸಿ, ಕಂಬವನ್ನು ಬುಡದಿಂದ ತಿರುಗಿಸಿ ತೆಗೆದು, ಎರಡನ್ನೂ ಪಕ್ಕಪಕ್ಕ ಮಲಗಿಸಿದ್ದರೆ 24, 16, 14ರ ಡಬ್ಬ ಸಾಕಿತ್ತು. ಗಾತ್ರದ ತೂಕ ಒಂದು ಕೆಜಿ ಚಿಲ್ಲರೆ. ಆಗ ನಿಜವಾದ ತೂಕಕ್ಕೇ ಬಿಲ್ ಆಗುತ್ತಿತ್ತು, ಒಂದೂವರೆ ಕೆಜಿ ಮೆಟ್ಟಿಲಿಗೆ. ಅರ್ಧಕ್ಕರ್ಧ. ನಾನು ಮನೆಯಲ್ಲಿದ್ದ ಮಿಕ್ಸಿ ಡಬ್ಬ ಸಿಕ್ಕಿತು ಅಂತ ಅದರಲ್ಲಿಟ್ಟು, ಉಳಿದ ಜಾಗಕ್ಕೆ ಪೇಪರ್ ತುರುಕಿದ್ದೆ. ಪುಕ್ಕಟೆ ಸಿಕ್ಕ ಡಬ್ಬದಷ್ಟು ದುಬಾರಿ ಡಬ್ಬ ಇನ್ನೊಂದಿಲ್ಲ.

ಗ್ರಾಮಫೋನ್ ರೆಕಾರ್ಡ್ ಮಾರುವವರು ಇಲ್ಲಿ ಸ್ವಲ್ಪ ನಿಂತು ಓದಿ. 12 ಇಂಚಿನ ಎಲ್‌ಪಿಗೆ 33 ಸೆಂಟಿಮೀಟರ್ ಚೌಕದ ಡಬ್ಬ ಬೇಕು. ದಪ್ಪ 3 ಸೆಂಟಿಮೀಟರ್ ಆದರೆ ಗಾತ್ರದ ತೂಕ 653 ಗ್ರಾಂ, ಅಂದರೆ ಒಂದು ಕೆಜಿ ದರ. ದಪ್ಪವನ್ನು 2 ಸೆಂಟಿಮೀಟರ್‌ಗೆ ಇಳಿಸಿದರೆ 436 ಗ್ರಾಂ, ಅರ್ಧ ಕೆಜಿ ದರ. ಒಂದು ಸೆಂಟಿಮೀಟರ್ ಆಟ! ಹಾಗಂತ ರಟ್ಟು ಕಡಿಮೆ ಮಾಡಬೇಡಿ. ಬಬಲ್ ಶೀಟ್ ಬಿಡಿ, ಗಟ್ಟಿ ರಟ್ಟು ಹಾಕಿ, ಎರಡು ರಟ್ಟಿನ ಏಣುಗಳು (ಒಳಗಿನ ಸುಕ್ಕುಗೆರೆಗಳು) ಒಂದಕ್ಕೊಂದು ಅಡ್ಡ ಬರುವ ಹಾಗೆ. ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು, ಒಳಹಾಳೆ ಸಮೇತ ಕವರಿನ ಹಿಂದೆ ಇಡಿ. ಒಳಗೇ ಬಿಟ್ಟರೆ ದಾರಿಯಲ್ಲಿ ಬಿದ್ದ ಏಟಿಗೆ ತಟ್ಟೆಯ ಅಂಚು ಕವರನ್ನು ಸೀಳುತ್ತದೆ. ಹಾಡು ಕೇಳೋಕೆ ತೊಂದರೆ ಇಲ್ಲ, ಆದರೆ ಕೊಂಡವರು ಅರ್ಧ ದುಡ್ಡು ಕೊಟ್ಟಿರೋದೇ ಕವರಿಗೆ.

ಒಂದು ಕೆಜಿ ಮೆಟ್ಟಿಲಿನಲ್ಲಿ ಆರಾಮಾಗಿ ಮೂರು ಎಲ್‌ಪಿ ಹಿಡಿಯುತ್ತವೆ. ಇದನ್ನು ಕೊಳ್ಳುವವರಿಗೆ ಹೇಳಿದರೆ ಅವರೇ ಇನ್ನೆರಡು ಸವಾಲಿಗೆ ಕೈ ಎತ್ತುತ್ತಾರೆ.

ಯಾವುದರಲ್ಲಿ ಕಳಿಸೋದು

ಒಂದೇ ಉತ್ತರ ಇಲ್ಲ. ನಾನು ಸಾಮಾನು ನೋಡಿ ದಾರಿ ಹಿಡಿಯುತ್ತೇನೆ.

ಹಳೇ ಪೋಸ್ಟ್‌ಕಾರ್ಡು, ಅಂಚೆಚೀಟಿ, ಪತ್ರ, ಇಂಥ ಚಪ್ಪಟೆ ಕಾಗದಗಳಿಗೆ ಸ್ಪೀಡ್ ಪೋಸ್ಟ್‌ಗೆ ಸಮ ಇಲ್ಲ. 2025ರ ಅಕ್ಟೋಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಯಿತು, ದರವೂ ಬದಲಾಯಿತು. 50 ಗ್ರಾಂವರೆಗೆ ಊರೊಳಗೆ 19 ರೂಪಾಯಿ, ಹೊರಗೆ ದೇಶದಲ್ಲಿ ಎಲ್ಲಿಗಾದರೂ 47. 51ರಿಂದ 250 ಗ್ರಾಂಗೆ ಊರೊಳಗೆ 24, 200 ಕಿಲೋಮೀಟರ್ ಒಳಗೆ 59, ಅಲ್ಲಿಂದ ಮೇಲೆ ದೂರ ಹೆಚ್ಚಿದಂತೆ ಏರಿ 2,000 ಕಿಲೋಮೀಟರ್ ದಾಟಿದರೆ 77. ಇದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಅಂದರೆ 180 ಗ್ರಾಂನ ಒಂದು ಲಕೋಟೆ ಶಿವಮೊಗ್ಗದಿಂದ ದಾವಣಗೆರೆಗೆ ಸುಮಾರು 70 ರೂಪಾಯಿ, ಗುವಾಹಟಿಗೆ 91. ಇಷ್ಟು ದೂರಕ್ಕೆ ವ್ಯತ್ಯಾಸ ಬರೀ 21 ರೂಪಾಯಿ! ಇನ್ನು 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ವಿಳಾಸದಾರರ ಕೈಗೇ ಕೊಡುವ ರಿಜಿಸ್ಟ್ರೇಷನ್ ಸಿಗುತ್ತದೆ. ಇನ್ನೊಂದು 5ಕ್ಕೆ ಓಟಿಪಿ ಹೇಳಿದರೆ ಮಾತ್ರ ಡೆಲಿವರಿ. ಬೆಲೆ ಬಾಳುವ ಅಂಚೆಚೀಟಿಗೆ ಎರಡೂ ಹಾಕಿಸಿ. ಈ ದರ ಕಾಗದಪತ್ರಕ್ಕೆ. ಡಬ್ಬ ಆದರೆ ಅದು ಪಾರ್ಸಲ್, ಅದರ ಪಟ್ಟಿಯೇ ಬೇರೆ, ಕೌಂಟರ್‌ನಲ್ಲಿ ಕೇಳಿ.

ಪುಸ್ತಕದವರ ಕಥೆ ಸ್ವಲ್ಪ ಸಂಕಟದ್ದು. ರಿಜಿಸ್ಟರ್ಡ್ ಬುಕ್ ಪೋಸ್ಟ್ ಅನ್ನೋ ಅಗ್ಗದ ದಾರಿ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಜೊತೆಗೆ ತೆರಿಗೆ. ಟ್ರ್ಯಾಕಿಂಗ್ ಇದೆ. ರಸ್ತೆ, ರೈಲಿನಲ್ಲಿ ಹೋಗುತ್ತದೆ, ಹಾಗಾಗಿ ನಿಧಾನ. ಪಠ್ಯ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಜಾಹೀರಾತು ತುಂಬಿದ ಹಳೇ ಪತ್ರಿಕೆಗಳಿಗೆ ಇದು ನಡೆಯಲ್ಲ. ಎರಡು ಕೆಜಿ ಪುಸ್ತಕದ ಕಟ್ಟಿಗೆ ಇದಕ್ಕಿಂತ ಅಗ್ಗದ ದಾರಿ ನಾನಂತೂ ಕಂಡಿಲ್ಲ. ಒಂದು ಪ್ರತಿಯ ಮೊದಲ ಪುಟದ ಫೋಟೋ ಫೋನಿನಲ್ಲಿರಲಿ, ಕೌಂಟರ್‌ನಲ್ಲಿ ಕೇಳಿದರೆ ಕಟ್ಟು ಬಿಚ್ಚದೆ ತೋರಿಸಬಹುದು.

ಅರ್ಧ ಕೆಜಿಯಿಂದ ಐದು ಕೆಜಿವರೆಗಿನ ಡಬ್ಬಗಳಿಗೆ ಖಾಸಗಿ ಕೊರಿಯರ್. ಇಲ್ಲಿ ಎರಡು ದಾರಿ. ಒಂದು, ನಿಮ್ಮ ಬೀದಿಯ ಕೊರಿಯರ್ ಅಂಗಡಿ. ತಿಂಗಳಿಗೆ ಹತ್ತು ಪಾರ್ಸಲ್ ಕೊಡ್ತೀನಿ ಅಂದರೆ ಅವರೇ ದರ ಇಳಿಸುತ್ತಾರೆ, ಕೇಳೋಕೆ ನಾಚಬೇಡಿ. ಇನ್ನೊಂದು, ಶಿಪ್‌ರಾಕೆಟ್‌ನಂಥ ತಾಣಗಳು. ಮುಂಗಡ ದುಡ್ಡು ಹಾಕಿಟ್ಟರೆ ನಾಲ್ಕೈದು ಕೊರಿಯರ್‌ಗಳ ದರವನ್ನು ಒಟ್ಟಿಗೆ ತೋರಿಸುತ್ತವೆ, ಪಾರ್ಸಲ್ ಒಯ್ಯೋಕೆ ಮನೆಗೇ ಜನ ಕಳಿಸುತ್ತವೆ, ಇದೇ ಪಿಕಪ್. ದರ ನೋಡುವಾಗ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಬೇರೆ’ ಅಂತ ಇದೆಯಾ ನೋಡಿ. ಪಾರ್ಸಲ್ ವಾಪಸ್ ಬಂದರೆ ಆ ಖರ್ಚು ಎಷ್ಟು ಅಂತಲೂ ನೋಡಿ. ವಾಪಸ್ ಬರುವ ದಾರಿ ಪುಕ್ಕಟೆ ಅಂತ ಅಂದುಕೊಂಡವರೇ ಹೆಚ್ಚು.

ಹಂಡೆ, ಒರಳು, ಹಳೇ ಮರದ ಪೆಟ್ಟಿಗೆಯಂಥ ಭಾರದ ಸಾಮಾನು ಕರ್ನಾಟಕದೊಳಗೇ ಹೋಗುವುದಾದರೆ ಕೊರಿಯರ್ ಕಡೆ ನೋಡಲೇಬೇಡಿ. ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ ನಮ್ಮ ಕಾರ್ಗೋದಲ್ಲಿ ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಕಳಿಸಬಹುದು. ಇಲ್ಲವೇ ವಿಆರ್‌ಎಲ್‌ನಂಥ ಲಾರಿ ಪಾರ್ಸಲ್ ಆಫೀಸು. ಇವೆರಡರಲ್ಲೂ ಕೊಂಡವರೇ ಹೋಗಿ ಬಿಡಿಸಿಕೊಳ್ಳಬೇಕು. ಅದನ್ನು ಹರಾಜಿಗೆ ಮುಂಚೆಯೇ ಬರೆಯಿರಿ. ಲಾರಿ ಆಫೀಸಿನಲ್ಲಿ ‘ಟು ಪೇ’ ಅಂತ ಬರೆಸಿದರೆ ಬಾಡಿಗೆಯನ್ನು ಬಿಡಿಸಿಕೊಳ್ಳುವವರು ಕೊಡುತ್ತಾರೆ, ನಿಮಗೆ ಲೆಕ್ಕದ ತಲೆನೋವೇ ಇಲ್ಲ. ಎಲ್‌ಆರ್, ಅಂದರೆ ಲಾರಿ ರಶೀದಿ, ಅದರ ಕಾಪಿಯ ಫೋಟೋ ಕೂಡಲೇ ಕಳಿಸಿ. ತಡಮಾಡಿ ಬಿಡಿಸಿಕೊಂಡರೆ ಡೆಮರೇಜ್ (ಸಾಮಾನು ಇಟ್ಟುಕೊಂಡ ಬಾಡಿಗೆ) ಬೀಳುತ್ತದೆ ಅಂತ ಅದರ ಜೊತೆಗೇ ಒಂದು ಸಾಲು ಬರೆದುಬಿಡಿ.

ನಾಣ್ಯದವರಿಗೆ ಒಂದು ಮಾತು. ನಾಣ್ಯ, ಬೆಳ್ಳಿ, ಹಳೇ ನೋಟು ಇವನ್ನು ಮಾಮೂಲಿ ಪಾರ್ಸಲ್‌ನಲ್ಲಿ ‘ಪುಸ್ತಕ’ ಅಂತ ಬರೆದು ಕಳಿಸುವ ಚಾಳಿ ಇದೆ. ಬೇಡ. ಕಳೆದರೆ ಕೇಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಅಂಚೆಯಲ್ಲಿ ವಿಮೆ ಮಾಡಿಸಿ ಕಳಿಸಿ.

ಹರಾಜಿನ ಸಂದೇಶದಲ್ಲಿ ಬರೆಯಬೇಕಾದ್ದು

‘ಶಿಪ್ಪಿಂಗ್ ಎಕ್ಸ್‌ಟ್ರಾ’ ಅಂತ ಎರಡೇ ಪದ ಬರೆದು ಬಿಡುವವರು ಬಹಳ. ಕೊನೆಗೆ ಜಗಳ ಆಗುವುದು ಅಲ್ಲೇ. 120 ರೂಪಾಯಿಗೆ ಪುಸ್ತಕ ಗೆದ್ದವರಿಗೆ ‘ಶಿಪ್ಪಿಂಗ್ 110’ ಅಂದರೆ ಅವರು ಮೋಸಹೋದೆ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ? ‘ಶಿಪ್ಪಿಂಗ್ ಫ್ರೀ’ ಅನ್ನೋದು ಅಂಗಡಿಗೆ ಸರಿ, ಹರಾಜಿಗೆ ಸರಿಯಲ್ಲ. ಅಂಗಡಿಯವರಿಗೆ ಬೆಲೆ ಗೊತ್ತಿರುತ್ತದೆ, ಅದರೊಳಗೆ ಸೇರಿಸುತ್ತಾರೆ. ನಿಮ್ಮ ಸಾಮಾನು ಮೂಲಬೆಲೆಗೇ ನಿಂತರೆ?

ನಾನು ಬರೆಯುವ ಸಂದೇಶ ಹೀಗಿರುತ್ತದೆ:

“ಎಲ್‌ಪಿ ರೆಕಾರ್ಡ್, ಕವರ್ ಸ್ವಲ್ಪ ಹರಿದಿದೆ (ಫೋಟೋ 3). ಮೂಲಬೆಲೆ 200, ಏರಿಕೆ 20. ಭಾನುವಾರ ರಾತ್ರಿ 9ಕ್ಕೆ ಮುಕ್ತಾಯ. ಪ್ಯಾಕಿಂಗ್ ಸೇರಿ ಸಾಗಣೆ: ಕರ್ನಾಟಕ 80, ಉಳಿದ ರಾಜ್ಯ 110, ಈಶಾನ್ಯ, ಜಮ್ಮು-ಕಾಶ್ಮೀರ, ಅಂಡಮಾನ್ 150. ಎರಡು ಅಥವಾ ಮೂರು ಗೆದ್ದರೆ ಒಟ್ಟು ಸಾಗಣೆಗೆ 40 ಮಾತ್ರ ಜಾಸ್ತಿ. ಗೆದ್ದ ಸಾಮಾನು 15 ದಿನ ಇಟ್ಟುಕೊಳ್ಳುತ್ತೇನೆ, ಒಟ್ಟಿಗೆ ಕಳಿಸುತ್ತೇನೆ. ಮಂಗಳವಾರ, ಶುಕ್ರವಾರ ಪಾರ್ಸಲ್ ಹೋಗುತ್ತದೆ.”

ಅಂಕಿ ನಿಮ್ಮ ಕೊರಿಯರ್ ದರ ನೋಡಿ ಹಾಕಿಕೊಳ್ಳಿ. ಆದರೆ ಕೊನೆಯ ಎರಡು ಸಾಲು ಬಿಡಬೇಡಿ. 15 ದಿನ ಇಟ್ಟುಕೊಳ್ಳುವ ಪದ್ಧತಿಯಿಂದ ಕೊಳ್ಳುವವರು ಮುಂದಿನ ವಾರವೂ ಬರುತ್ತಾರೆ. ವಾರಕ್ಕೆರಡು ದಿನ ಅಂತ ಗೊತ್ತುಮಾಡಿದರೆ ‘ಕಳಿಸಿದ್ರಾ?’ ಅನ್ನೋ ಸಂದೇಶ ಅರ್ಧ ಕಡಿಮೆಯಾಗುತ್ತದೆ. ಇಟ್ಟುಕೊಂಡ ಸಾಮಾನಿಗೆ ದುಡ್ಡು ಮಾತ್ರ ಮೊದಲೇ ತಗೊಳ್ಳಿ. ಹೆಸರು ಬರೆದ ಚೀಟಿ ಅಂಟಿಸಿ ಬೇರೆ ಚೀಲದಲ್ಲಿಡಿ. ನಾನು ಒಮ್ಮೆ ಹಾಸನದವರ ಪುಸ್ತಕವನ್ನು ಹೊಸಪೇಟೆಗೆ ಕಳಿಸಿ, ಎರಡೂ ಕಡೆ ಕ್ಷಮೆ ಕೇಳಿ, ಎರಡು ಸಾಗಣೆ ಕೈಯಿಂದ ಹಾಕಿದ್ದೇನೆ.

ಗೆದ್ದವರು ವಿಳಾಸ ಕಳಿಸಿದ ಕೂಡಲೇ ಪಿನ್‌ಕೋಡ್ ನೋಡಿ. ಕರ್ನಾಟಕದ್ದು 56ರಿಂದ 59ರ ಒಳಗೆ ಶುರುವಾಗುತ್ತದೆ. ಹುಬ್ಬಳ್ಳಿ ಅಂತ ಬರೆದು ಪಿನ್ 50ರಿಂದ ಶುರುವಾಗಿದ್ದರೆ ಎಲ್ಲೋ ಬೆರಳು ಜಾರಿದೆ. ಕೊರಿಯರ್ ಯಂತ್ರ ಊರಿನ ಹೆಸರು ಓದಲ್ಲ, ಪಿನ್ ಓದುತ್ತದೆ. ಹಳ್ಳಿಯ ವಿಳಾಸವಾದರೆ ಆ ಪಿನ್‌ಗೆ ಕೊರಿಯರ್ ಹೋಗುತ್ತದಾ ಅಂತ ಮೊದಲು ನೋಡಿ. ಹೋಗದಿದ್ದರೆ ಅಂಚೆಯೇ ಗತಿ, ಮತ್ತು ಅದು ಕೆಟ್ಟ ಗತಿಯೇನಲ್ಲ. ಕೊರಿಯರ್‌ನವರು ‘ನಮ್ಮ ವ್ಯಾಪ್ತಿಯಲ್ಲಿಲ್ಲ’ ಅನ್ನೋ ಊರಿಗೆ ಪೋಸ್ಟ್‌ಮ್ಯಾನ್ ಸೈಕಲ್ ತುಳಿದುಕೊಂಡು ಹೋಗಿರುತ್ತಾರೆ.

ಪಿಕಪ್ ದಿನ

ಪಿಕಪ್ ಬುಕ್ ಮಾಡೋದು ಸುಲಭ. ಪಿಕಪ್ ಆಗೋದೇ ಕಷ್ಟ.

ಹಿಂದಿನ ರಾತ್ರಿಯೇ ಡಬ್ಬಗಳಿಗೆ ಟೇಪ್ ಹಾಕಿ ಮುಗಿಸಿ. ಲೇಬಲ್ ಪ್ರಿಂಟ್ ತೆಗೆದು ಡಬ್ಬದ ಅಗಲವಾದ ಮುಖಕ್ಕೆ ಅಂಟಿಸಿ, ಅಂಚಿನಲ್ಲಿ ಮಡಚಿಕೊಳ್ಳದ ಹಾಗೆ. ಬಾರ್‌ಕೋಡ್ ಮೇಲೆ ಹೊಳೆಯುವ ಟೇಪು ಹಾಕಬೇಡಿ, ಬೆಳಕು ಬಿದ್ದು ಸ್ಕ್ಯಾನ್ ಆಗಲ್ಲ. ಮಳೆಗಾಲದಲ್ಲಿ ಲೇಬಲ್‌ನ ನಾಲ್ಕು ಅಂಚಿಗೆ ಮಾತ್ರ ಟೇಪು ಹಾಕಿ, ಇಡೀ ಡಬ್ಬವನ್ನು ಮೊದಲೇ ಪ್ಲಾಸ್ಟಿಕ್ ಕವರಿನೊಳಗೆ ಹಾಕಿರಿ. ಡಬ್ಬದೊಳಗೂ ಒಂದು ಚೀಟಿಯಲ್ಲಿ ಎರಡೂ ವಿಳಾಸ ಬರೆದು ಹಾಕಿ. ಹೊರಗಿನ ಲೇಬಲ್ ಕಿತ್ತುಹೋದರೂ ಪಾರ್ಸಲ್ ಅನಾಥ ಆಗಲ್ಲ. ಹೊರರಾಜ್ಯಕ್ಕೆ ಹೋಗುವುದಾದರೆ ಇಂಗ್ಲಿಷಿನಲ್ಲೂ ಬರೆಯಿರಿ.

ಆಮೇಲೆ ಮೂರು ಫೋಟೋ. ತಕ್ಕಡಿ ಮೇಲಿರುವ ಡಬ್ಬ, ಅಂಕಿ ಕಾಣುವ ಹಾಗೆ. ಟೇಪು ಹಿಡಿದ ಡಬ್ಬ, ಉದ್ದ-ಅಗಲ ಕಾಣುವ ಹಾಗೆ. ಲೇಬಲ್‌ನದ್ದು ಒಂದು. ಇದು ಚಟಕ್ಕಲ್ಲ. ತಾಣಗಳ ಮೂಲಕ ಬುಕ್ ಮಾಡಿದಾಗ ಕೊರಿಯರ್ ಗೋದಾಮಿನಲ್ಲಿ ಯಂತ್ರ ಮತ್ತೆ ಅಳೆಯುತ್ತದೆ. ಅಲ್ಲಿ ಜಾಸ್ತಿ ಬಂದರೆ ವಾರದ ಮೇಲೆ ನಿಮ್ಮ ಖಾತೆಯಿಂದ ದುಡ್ಡು ಕಡಿತವಾಗುತ್ತದೆ. ತಕರಾರು ಹಾಕೋಕೆ ಕೆಲವೇ ದಿನ ಸಮಯ, ಸಾಕ್ಷಿ ಅಂದರೆ ಈ ಫೋಟೋಗಳೇ. ನನಗೆ ಒಮ್ಮೆ 480 ಗ್ರಾಂ ಪಾರ್ಸಲ್‌ಗೆ 2 ಕೆಜಿ ಹಾಕಿದ್ದರು. ಫೋಟೋ ಕಳಿಸಿದೆ, ಮೂರು ದಿನದಲ್ಲಿ ದುಡ್ಡು ವಾಪಸ್ ಬಂತು. ಅದಕ್ಕೂ ಹಿಂದಿನದ್ದು ಎಷ್ಟು ಹೋಗಿದೆಯೋ, ಫೋಟೋ ಇಲ್ಲ, ಲೆಕ್ಕವೂ ಇಲ್ಲ.

ಬೆಳಿಗ್ಗೆಯೇ ಬುಕ್ ಮಾಡಿದರೆ ಅದೇ ದಿನ ಬರುವ ಸಾಧ್ಯತೆ ಹೆಚ್ಚು. ಮಧ್ಯಾಹ್ನ ದಾಟಿದ ಬುಕಿಂಗ್ ನಾಳೆಗೆ ಹೋಗುತ್ತದೆ. ವಿಳಾಸದಲ್ಲಿ ಬಾಗಿಲ ನಂಬರಿಗಿಂತ ಗುರುತು ಮುಖ್ಯ: ‘ಗಣಪತಿ ದೇವಸ್ಥಾನದ ಹಿಂದೆ, ಹಸಿರು ಗೇಟು’. ಒಂದೇ ಪಾರ್ಸಲ್ ಇದ್ದರೆ ಪಿಕಪ್ ಹುಡುಗರು ಬರೋಕೆ ಹಿಂದೆಮುಂದೆ ನೋಡುತ್ತಾರೆ. ಮೂರ್ನಾಲ್ಕು ಕೂಡಿಸಿ ಕರೆಯಿರಿ. ಮಂಗಳವಾರ, ಶುಕ್ರವಾರ ಅಂತ ನಾನು ಗೊತ್ತುಮಾಡಿದ್ದೂ ಅದಕ್ಕೇ. ಈಗ ಬರುವ ಹುಡುಗನಿಗೆ ನನ್ನ ಮನೆ ಅವನ ದಾರಿಯ ಒಂದು ನಿಲ್ದಾಣ.

ಆದರೂ ಒಂದು ವಿಷಯದಲ್ಲಿ ನಾನು ಬಗ್ಗಲ್ಲ. ಮೊದಮೊದಲು ಅವನು ಗಾಡಿಯಿಂದ ಇಳಿಯದೆ ಕೈ ಚಾಚುತ್ತಿದ್ದ.

“ಕೊಡಿ ಅಕ್ಕಾ, ಸ್ಕ್ಯಾನರ್ ಚಾರ್ಜ್ ಇಲ್ಲ, ಹಬ್‌ಗೆ ಹೋಗಿ ಮಾಡ್ತೀನಿ.”

“ಮೊಬೈಲಲ್ಲೇ ಮಾಡಪ್ಪಾ, ಚಾರ್ಜರ್ ಒಳಗಿದೆ. ಕೂತ್ಕೋ, ಕಾಫಿ ಕುಡಿ.”

ಕಾಫಿ ಕುಡಿಯುವಷ್ಟರಲ್ಲಿ ನಾಲ್ಕು ಶೇಕಡಾ ಚಾರ್ಜ್ ಆಯಿತು, ಮೂರು ಬೀಪ್ ಕೇಳಿತು. ಆ ಬೀಪ್ ಆಗುವವರೆಗೆ ಪಾರ್ಸಲ್ ಕೊಟ್ಟಿದ್ದೀರಿ ಅನ್ನೋಕೆ ಯಾವ ದಾಖಲೆಯೂ ಇರುವುದಿಲ್ಲ. ದಾರಿಯಲ್ಲಿ ಕಳೆದರೆ ‘ಪಿಕಪ್ ಆಗೇ ಇಲ್ಲ’ ಅಂತಾರೆ. ಸ್ಕ್ಯಾನ್ ನಿಜವಾಗಲೂ ಆಗದಿದ್ದರೆ ಪಾರ್ಸಲ್ ಪಟ್ಟಿಯ ಮೇಲೆ ಸಹಿ, ದಿನಾಂಕ, ಎಷ್ಟು ಡಬ್ಬ ಅಂತ ಬರೆಸಿಕೊಳ್ಳಿ, ಅವನ ಎದುರೇ ಫೋಟೋ ತೆಗೆಯಿರಿ. ಸಂಜೆ ಟ್ರ್ಯಾಕಿಂಗ್ ನೋಡಿ. ಮರುದಿನ ಮಧ್ಯಾಹ್ನವೂ ‘ಪಿಕಪ್ ಬಾಕಿ’ ಅಂತಲೇ ಇದ್ದರೆ ಕೂಡಲೇ ದೂರು ಹಾಕಿ, ವಾರ ಕಾಯಬೇಡಿ.

ಯಾರೂ ಬಾರದೆಯೇ ‘ಮಾರಾಟಗಾರರು ಸಿಗಲಿಲ್ಲ’ ಅಂತ ಬರುವುದೂ ಉಂಟು. ನೀವು ಹೊಸ್ತಿಲಲ್ಲೇ ಕೂತಿರುತ್ತೀರಿ! ಎರಡು ಸಲ ಹೀಗಾದರೆ ಬುಕಿಂಗ್ ತಾನಾಗೇ ರದ್ದಾಗಬಹುದು. ಮೊದಲ ಸಲವೇ ದೂರು ಹಾಕಿ, ಎರಡನೇ ಸಲಕ್ಕೆ ಕಾಯದೆ ಹತ್ತಿರದ ಶಾಖೆಗೆ ನೀವೇ ಒಯ್ದು ಕೊಡಿ. ಕೆಲಸಕ್ಕೆ ಹೋಗುವವರು ಪಿಕಪ್ ವಿಳಾಸವನ್ನು ಮನೆ ಬದಲು ಪರಿಚಯದ ಅಂಗಡಿಗೆ ಕೊಡುವುದು ಮೇಲು. ನನ್ನ ಗೆಳತಿಯೊಬ್ಬಳು ಜೆರಾಕ್ಸ್ ಅಂಗಡಿಯ ಅಣ್ಣನ ಹತ್ತಿರ ಇಡುತ್ತಾಳೆ. ಲೇಬಲ್ ಪ್ರಿಂಟೂ ಅಲ್ಲೇ ಆಗುತ್ತದೆ.

ಅಂಚೆಯಲ್ಲೂ ಕೆಲವು ಪಿನ್‌ಕೋಡ್‌ಗಳಲ್ಲಿ ಆನ್‌ಲೈನ್ ಬುಕ್ ಮಾಡಿದರೆ ಮನೆಗೆ ಬಂದು ಒಯ್ಯುವ ಸೌಲಭ್ಯ ಇದೆ. ನಾನು ಮಾತ್ರ ಕೌಂಟರ್‌ಗೇ ಹೋಗುತ್ತೇನೆ. ಹತ್ತೂವರೆಗೆ ಹೋದರೆ ಸಾಲು ಸಣ್ಣದು. ರಶೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಪಿನ್‌ಕೋಡ್ ಓದಿ. ತಪ್ಪಿದ್ದರೆ ಚೀಲ ಕಟ್ಟುವ ಮುಂಚೆ ತಿದ್ದಿಸಬಹುದು. ರಶೀದಿ ಮೇಲೆ ಇರುವುದು 13 ಅಕ್ಷರದ ಟ್ರ್ಯಾಕಿಂಗ್ ನಂಬರ್, ಮೊದಲೆರಡು ಮತ್ತು ಕೊನೆಯೆರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ. ಫೋಟೋ ತೆಗೆದು ಕೊಂಡವರಿಗೆ ಕಳಿಸಿ. ಬಿಸಿಲಿಗೆ ರಶೀದಿಯ ಅಕ್ಷರ ಮಾಸಿಹೋಗುತ್ತದೆ, ಫೋಟೋ ಉಳಿಯುತ್ತದೆ.

ಕೊಂಡವರೇ ಬಂದು ಒಯ್ದರೆ

ಒಂದೇ ಊರಿನವರು ‘ನಾನೇ ಬರ್ತೀನಿ’ ಅಂದರೆ ಒಳ್ಳೆಯದೇ. ಹೊಸಬರಾದರೆ ಮನೆಗೆ ಬೇಡ, ಹೋಟೆಲ್ಲೋ ಬಸ್ ನಿಲ್ದಾಣವೋ ಹೇಳಿ. ಬೆಂಗಳೂರಿನಂಥ ಊರಲ್ಲಿ ಆ್ಯಪ್‌ನಲ್ಲಿ ಕರೆಸುವ ಪೋರ್ಟರ್, ರ‍್ಯಾಪಿಡೋದವರನ್ನು ಕೊಂಡವರೇ ಕಳಿಸುತ್ತಾರೆ. ಆಗ ಒಂದೇ ನಿಯಮ: ದುಡ್ಡು ಬ್ಯಾಂಕಿಗೆ ಬಂದಿದೆಯಾ ಅಂತ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ. ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ಮಕ್ಕಳೂ ಮಾಡುತ್ತಾರೆ. ‘ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂದರೆ ಫೋನ್ ಇಟ್ಟುಬಿಡಿ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸೋಕೆ, ತಗೊಳ್ಳೋಕಲ್ಲ. ‘ನಿಮ್ಮ ಪಾರ್ಸಲ್ ನಿಂತಿದೆ, 5 ರೂಪಾಯಿ ಕಟ್ಟಿ’ ಅನ್ನೋ ಲಿಂಕ್ ಕೂಡ ಅದೇ ಜಾತಿ. ದಿನಾ ಪಾರ್ಸಲ್ ಕಳಿಸುವವರಿಗೇ ಅದು ನಿಜ ಅನಿಸೋದು.

ಸಮುದ್ರ ದಾಟುವುದಾದರೆ

ಅಮೆರಿಕ, ದುಬೈ, ಸಿಂಗಪುರದ ಕನ್ನಡಿಗರು ಹಳೇ ಸಾಮಾನು ಕೇಳುತ್ತಾರೆ. ಮೊದಲು ಸಾಮಾನಿನ ವಯಸ್ಸು ನೋಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಸ್ತಪ್ರತಿಗಾದರೆ 75 ವರ್ಷ. ಅಜ್ಜಿಯ ಕಾಲದ ಓಲೆಗರಿ, ಹಳೇ ವಿಗ್ರಹ, ನಾಣ್ಯ ಎಲ್ಲ ಇದರಲ್ಲಿ ಸಿಕ್ಕಿಬೀಳಬಹುದು. ಅನುಮಾನ ಇದ್ದರೆ ಭಾರತೀಯ ಪುರಾತತ್ವ ಇಲಾಖೆಯಿಂದ ಇದು ಪ್ರಾಚ್ಯವಸ್ತು ಅಲ್ಲ ಅನ್ನೋ ಪ್ರಮಾಣಪತ್ರ ಬೇಕು. ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ನಮ್ಮ ಅಂಚೆ ಕೆಲವು ವಾರ ಅಲ್ಲಿಗೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಸುಂಕವನ್ನು ಇಲ್ಲೇ ಕಟ್ಟಿಸಿಕೊಂಡು ಮತ್ತೆ ಶುರುಮಾಡಿತು. ಸುಂಕದ ದರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಹೊರದೇಶದವರಿಗೆ ನಾನು ಸಾಗಣೆ ಅಂಕಿ ಮೊದಲೇ ಹೇಳುವುದಿಲ್ಲ. ಕಳಿಸುವ ದಿನದ ದರ, ಅವರದೇ ಖರ್ಚು ಅಂತ ಬರೆಯುತ್ತೇನೆ. ನಿಮ್ಮ ಊರಿನ ಅಂಚೆ ಕಚೇರಿಯಲ್ಲಿ ಡಾಕ್ ಘರ್ ನಿರ್ಯಾತ್ ಕೇಂದ್ರ (ಅಂಚೆ ಮೂಲಕ ರಫ್ತು ಮಾಡುವವರಿಗಾಗಿ ಇರುವ ಕೇಂದ್ರ) ಇದ್ದರೆ ಕಾಗದಪತ್ರಕ್ಕೆ ಅವರೇ ಸಹಾಯ ಮಾಡುತ್ತಾರೆ.

ವಾಪಸ್ ಬಂದ ಡಬ್ಬ

ಎಷ್ಟೇ ಹುಷಾರಾಗಿದ್ದರೂ ಒಂದಿಷ್ಟು ವಾಪಸ್ ಬರುತ್ತವೆ. ಫೋನ್ ಎತ್ತಲಿಲ್ಲ, ಬಾಗಿಲು ಹಾಕಿತ್ತು, ಮನೆ ಬದಲಾಯಿಸಿದ್ದರು. ಡೆಲಿವರಿಗೆ ಹೊರಟಿದೆ ಅಂತ ಟ್ರ್ಯಾಕಿಂಗ್ ತೋರಿಸಿದ ಬೆಳಿಗ್ಗೆ ಕೊಂಡವರಿಗೆ ಒಂದು ಸಂದೇಶ ಹಾಕಿದರೆ ಇವುಗಳಲ್ಲಿ ಬಹುಪಾಲು ತಪ್ಪುತ್ತವೆ. ವಾಪಸ್ ಬಂದ ಡಬ್ಬವನ್ನು ಹುಡುಗ ಹೋಗುವ ಮುಂಚೆ ತಿರುಗಿಸಿ ನೋಡಿ. ಟೇಪು ನಿಮ್ಮದೇನಾ? ನಾನು ಡಬ್ಬದ ಜೋಡಣೆಯ ಮೇಲೆ ಟೇಪಿಗೂ ರಟ್ಟಿಗೂ ಸೇರಿಸಿ ನೀಲಿ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆದಿರುತ್ತೇನೆ. ಬಿಚ್ಚಿ ಮತ್ತೆ ಅಂಟಿಸಿದರೆ ಆ ಗೆರೆ ಸೇರುವುದಿಲ್ಲ. ಗೆರೆ ತಪ್ಪಿದ್ದರೆ ಸಹಿ ಹಾಕುವಾಗಲೇ ‘ಡಬ್ಬ ತೆರೆದಿದೆ’ ಅಂತ ಬರೆದು, ವಿಡಿಯೋ ಮಾಡುತ್ತಾ ಬಿಚ್ಚಿ.

ಮತ್ತೆ ಕಳಿಸಬೇಕಾದರೆ ಎರಡನೇ ಸಾಗಣೆ ಕೊಂಡವರದ್ದು. ಇದನ್ನೂ ಹರಾಜಿನ ಸಂದೇಶದಲ್ಲೇ ಒಂದು ಸಾಲು ಬರೆದಿಟ್ಟರೆ ಆಮೇಲೆ ಮುಖ ಮುರಿಯುವುದು ತಪ್ಪುತ್ತದೆ. ದೀಪದ ಗುವಾಹಟಿಯವರು ಈಗಲೂ ನನ್ನ ಗುಂಪಿನಲ್ಲಿದ್ದಾರೆ. ಹೋದ ತಿಂಗಳು ಎರಡು ರೆಕಾರ್ಡ್ ಗೆದ್ದರು. ಸಾಗಣೆ 190 ಅಂತ ಮೊದಲೇ ಬರೆದಿದ್ದೆ, ಖರ್ಚಾಗಿದ್ದು 184.